ನೋವಿಲ್ಲದ ಕಾಯಿಲೆಗೆ ನಿತ್ಯದ ಮಾತ್ರೆ

ಜ್ವರ ಬಂದಾಗ ಮಾತ್ರೆ, ಜ್ವರ ಬಿಟ್ಟಾಗ ಮಾತ್ರೆಗೂ ಬಿಡುವು. ಔಷಧದ ವಿಷಯದಲ್ಲಿ ನಮ್ಮ ಜನರ ಲೆಕ್ಕ ಬಹುಕಾಲದಿಂದ ಹೀಗೇ ನಡೆದುಬಂದಿದೆ. ಸಣ್ಣಪುಟ್ಟ ಕಾಯಿಲೆಗಳ ಮಟ್ಟಿಗೆ ಆ ಲೆಕ್ಕ ತಪ್ಪೆಂದೂ ಹೇಳುವಂತಿಲ್ಲ. ಆದರೆ ರಕ್ತದಲ್ಲಿ ಕೊಲೆಸ್ಟರಾಲ್ ಏರಿದಾಗ ತಲೆ ನೋಯುವುದಿಲ್ಲ, ಹಸಿವು ಕೆಡುವುದಿಲ್ಲ, ನಿದ್ದೆಗೂ ಭಂಗವಿಲ್ಲ. ತೆಂಗಿನ ಗರಿ ಹೊರುವವನಿಗೆ ಒಂದು ಗರಿ ಹೆಚ್ಚು ಭಾರವೆನಿಸುವುದಿಲ್ಲ. ಪ್ರಯೋಗಾಲಯದ ಕಾಗದದ ಮೇಲೆ ಒಂದು ಅಂಕಿ ಕಾಣುತ್ತದೆ, ಅಷ್ಟೆ. ಅಂಕಿಯನ್ನು ಕಂಡು ಔಷಧ ನುಂಗುವ ಅಭ್ಯಾಸ ನಮಗೆ ಹೊಸದು.

ಕಡೂರಿನ ಬಳಿ ಆರು ಎಕರೆ ತೆಂಗಿನ ತೋಟವಿರುವ ಒಂದು ಕುಟುಂಬ. ಮನೆಯ ಹಿರಿಯರಿಗೆ ಈಗ ಐವತ್ಮೂರು ವರ್ಷ. ಊರಿನವರು ಕರೆಯುವಂತೆ ಅವರನ್ನು ಯಜಮಾನರು ಎಂದರೆ ಸಾಕು. ಅವರ ಅಣ್ಣ ತರೀಕೆರೆಯಲ್ಲಿ ಅಡಿಕೆ ವ್ಯಾಪಾರದಲ್ಲಿದ್ದವರು. 2011ರಲ್ಲಿ ಒಂದು ಬೆಳಿಗ್ಗೆ ಮಂಡಿಯಲ್ಲಿ ಕುಳಿತಿದ್ದಾಗ ಎದೆ ಹಿಡಿದಂತಾಯಿತು, ಮೈಯೆಲ್ಲ ಬೆವರಿತು. ಗ್ಯಾಸ್ ಇರಬೇಕೆಂದು ಯಾರೋ ಸೋಡಾ ತರಿಸಿಕೊಟ್ಟರು. ಅರ್ಧ ಗಂಟೆ ಕಾದು, ಆಮೇಲೆ ಕಾರು ಹುಡುಕಿ ಶಿವಮೊಗ್ಗದ ಕಡೆ ಹೊರಟರು. ದಾರಿಯಲ್ಲೇ ಮುಗಿಯಿತು. ಆಗ ಅವರಿಗೆ ನಲವತ್ತೇಳು. ‘ಆಯಸ್ಸು ಅಷ್ಟೇ ಇತ್ತು’ ಎಂದು ಮನೆಯವರು ಕಣ್ಣೊರೆಸಿಕೊಂಡರು. ಏಕೆ ಹೀಗಾಯಿತೆಂದು ಯಾರೂ ಕೇಳಲಿಲ್ಲ.

ಕೇಳಬೇಕಾಗಿತ್ತು. 52 ದೇಶಗಳ ರೋಗಿಗಳನ್ನು ಸೇರಿಸಿ ನಡೆಸಿದ ‘ಇಂಟರ್‌ಹಾರ್ಟ್’ ಎಂಬ ದೊಡ್ಡ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತ ನಮ್ಮ ದಕ್ಷಿಣ ಏಷ್ಯಾದವರಿಗೆ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂಬುದನ್ನು ಅದು ತೋರಿಸಿತು. ಮಕ್ಕಳು ಇನ್ನೂ ಕಾಲೇಜಿನಲ್ಲಿರುವ, ಸಾಲ ಇನ್ನೂ ತೀರದಿರುವ ವಯಸ್ಸು ಅದು.

2023ರಲ್ಲಿ ಕಡೂರಿನಲ್ಲಿ ನಡೆದ ಒಂದು ತಪಾಸಣಾ ಶಿಬಿರಕ್ಕೆ ಯಜಮಾನರು ಹೋದದ್ದು ಪಕ್ಕದ ಮನೆಯವರ ಜೊತೆಗಾಗಿ. ಬಂದ ವರದಿಯಲ್ಲಿ ಎಲ್‌ಡಿಎಲ್ ಎಂಬ ಸಾಲಿನ ಎದುರು 172 ಎಂದಿತ್ತು. ರಕ್ತದೊತ್ತಡವೂ ಸ್ವಲ್ಪ ಮೇಲಿತ್ತು. ವೈದ್ಯರು ಒಂದೇ ಪ್ರಶ್ನೆ ಕೇಳಿದರು: ‘ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿ ಹೋದವ್ರು ಇದಾರಾ ಯಜಮಾನ್ರೇ?’ ಉತ್ತರ ಕೇಳಿದ ಮೇಲೆ ಅಟೋರ್ವಾಸ್ಟ್ಯಾಟಿನ್ ಎಂಬ ಮಾತ್ರೆ ಬರೆದುಕೊಟ್ಟರು. ಊಟದಲ್ಲಿ ಏನು ಕಡಿಮೆ, ಏನು ಹೆಚ್ಚು ಎಂದು ಹೇಳಿದರು. ಮೂರು ತಿಂಗಳ ನಂತರ ಮತ್ತೆ ಬರಲು ತಿಳಿಸಿದರು.

ಮಗ ಆಗ ಮೊದಲ ವರ್ಷದ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ. ಆ ಅಂಕಿಯನ್ನು ಬಿಡಿಸಿ ನೋಡಿದವನು ಅವನೇ. 172 ಎಂದರೆ ಒಂದು ಡೆಸಿಲೀಟರಿಗೆ 172 ಮಿಲಿಗ್ರಾಂ, ಲೀಟರಿಗೆ 1.72 ಗ್ರಾಂ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ, ಅದರಲ್ಲಿ ಪ್ಲಾಸ್ಮಾ ಸುಮಾರು ಮೂರು ಲೀಟರ್. ಗುಣಿಸಿದರೆ ಐದು ಗ್ರಾಂ ಚಿಲ್ಲರೆ. 100ರೊಳಗೆ ಇರಬೇಕಾದದ್ದು ಎಂದುಕೊಂಡರೆ ಹೆಚ್ಚುವರಿ ಎರಡು ಗ್ರಾಂ ಮಾತ್ರ. ಅರ್ಧ ಚಮಚ! ‘ಇಷ್ಟಕ್ಕೇನಾ ಇಷ್ಟೆಲ್ಲ?’ ಎಂದು ಅವನಿಗೇ ಅನುಮಾನ ಬಂತು.

ಉತ್ತರ ಅವನ ಊರಿನ ಸುತ್ತಲೇ ಇದೆ. ಕಡೂರು ತಾಲ್ಲೂಕಿನಲ್ಲಿ ಮದಗದ ಕೆರೆ, ಅಯ್ಯನಕೆರೆಯಂಥ ಹಳೆಯ ದೊಡ್ಡ ಕೆರೆಗಳಿವೆ. ಯಾವ ಕೆರೆಗಾದರೂ ಒಂದು ಮಳೆಗಾಲದಲ್ಲಿ ಬರುವ ಹೂಳು ಒಂದಿಷ್ಟೇ. ಅದರಿಂದ ಕೆರೆ ಕೆಡುವುದಿಲ್ಲ. ವರ್ಷ ವರ್ಷವೂ ಬಂದು ನಿಂತರೆ ಕೆಡುತ್ತದೆ. ಇನ್ನೊಂದು ವಿಚಿತ್ರವೆಂದರೆ, ಅರ್ಧ ಹೂಳು ತುಂಬಿದ ಕೆರೆಯೂ ಕೋಡಿ ಬಿದ್ದಾಗ ಏರಿಯ ಮೇಲೆ ನಿಂತವರಿಗೆ ತುಂಬಿದ ಕೆರೆಯಂತೆಯೇ ಕಾಣುತ್ತದೆ. ಆಳ ಕಡಿಮೆಯಾದದ್ದು ತಿಳಿಯುವುದು ಬೇಸಿಗೆಯಲ್ಲಿ. ಎಲ್‌ಡಿಎಲ್ ಕಣಗಳು ಅಪಧಮನಿಯ ಗೋಡೆಯೊಳಗೆ ಸೇರಿ ನಿಲ್ಲುವುದೂ ಹೀಗೆಯೇ, ಇಪ್ಪತ್ತು ಮೂವತ್ತು ವರ್ಷಗಳ ಕೆಲಸ. ಹೋಲಿಕೆ ಒಂದು ಕಡೆ ಮಾತ್ರ ಸೋಲುತ್ತದೆ. ಕೆರೆಯ ಹೂಳು ತೆಪ್ಪಗೆ ಬಿದ್ದಿರುತ್ತದೆ. ಅಪಧಮನಿಯ ಗೋಡೆಯ ಮೇದಸ್ಸಿನ ಗಂಟು ಒಂದು ದಿನ ಒಡೆಯಬಹುದು. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿದರೆ ಅದೇ ಹೃದಯಾಘಾತ. ತರೀಕೆರೆಯ ಮಂಡಿಯಲ್ಲಿ ಆದದ್ದೂ ಬಹುಶಃ ಅದೇ.

ಹಾಗೆಂದು ಕೊಲೆಸ್ಟರಾಲ್ ವಿಷವಲ್ಲ. ಜೀವಕೋಶದ ಪೊರೆಗೆ ಅದು ಬೇಕು, ಪಿತ್ತರಸಕ್ಕೆ ಬೇಕು, ಹಾರ್ಮೋನುಗಳಿಗೂ ವಿಟಮಿನ್ ಡಿಗೂ ಬೇಕು. ಬೇಕಾದದ್ದರಲ್ಲಿ ಬಹುಪಾಲನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಅದರ ಮುಖ್ಯ ಕಾರ್ಖಾನೆ ಪಿತ್ತಜನಕಾಂಗ.

ತೆಂಗಿನ ಸೀಮೆಯಲ್ಲಿ ಇಲ್ಲಿಂದ ಮುಂದೆ ಮಾತು ಕಷ್ಟ. ‘ಕೊಬ್ಬರಿಯಲ್ಲಿ ಕೊಲೆಸ್ಟರಾಲ್ ಇದೆಯೇ?’ ಎಂದು ಯಜಮಾನರು ಕೇಳಿದರು. ಇಲ್ಲ. ಸಸ್ಯಗಳಿಂದ ಬರುವ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಎಣ್ಣೆಯ ಪೊಟ್ಟಣಗಳ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕುವುದು ಹಸುವಿಗೆ ರೆಕ್ಕೆಯಿಲ್ಲ ಎಂದು ಬೋರ್ಡು ಹಾಕಿದಂತೆ. ಕೇಳಬೇಕಾದ ಪ್ರಶ್ನೆ ಬೇರೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಕಾರ್ಬನ್ ಪಾಠದಲ್ಲಿ ಪರ್ಯಾಪ್ತ, ಅಪರ್ಯಾಪ್ತ ಎಂಬ ಎರಡು ಪದಗಳು ಬರುತ್ತವೆ. ಪ್ರಾಣಿಗಳ ಕೊಬ್ಬಿನಲ್ಲಿ ಸಾಮಾನ್ಯವಾಗಿ ಪರ್ಯಾಪ್ತ ಕೊಬ್ಬಿನಾಮ್ಲಗಳಿರುತ್ತವೆ, ಅಡಿಗೆಗೆ ಅಪರ್ಯಾಪ್ತ ಎಣ್ಣೆ ಒಳ್ಳೆಯದು ಎಂದು ಅಲ್ಲೇ ಒಂದು ಮಾತಿದೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದು ಮಕ್ಕಳು ಅದನ್ನು ಮರೆಯುತ್ತಾರೆ. ತೆಂಗು ಸಸ್ಯವಾದರೂ ಈ ವಿಷಯದಲ್ಲಿ ಪ್ರಾಣಿಗಳ ಪಂಕ್ತಿಯಲ್ಲಿ ಕುಳಿತುಬಿಟ್ಟಿದೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ಪರ್ಯಾಪ್ತ. ಬೆಣ್ಣೆ, ತುಪ್ಪಗಳ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು. ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು ಐದನೇ ಒಂದು ಭಾಗ. ಪರ್ಯಾಪ್ತ ಕೊಬ್ಬು ಹೆಚ್ಚಾದಾಗ ರಕ್ತದಿಂದ ಎಲ್‌ಡಿಎಲ್ ಅನ್ನು ಹೀರಿಕೊಳ್ಳುವ ಪಿತ್ತಜನಕಾಂಗದ ಶಕ್ತಿ ಕುಗ್ಗುತ್ತದೆ. ಕೊಲೆಸ್ಟರಾಲ್ ಇಲ್ಲದ ಕೊಬ್ಬರಿ ಕೊಲೆಸ್ಟರಾಲನ್ನು ಏರಿಸುವುದು ಹೀಗೆ.

ತೆಂಗು ಬೆಳೆದು ಮಕ್ಕಳ ಫೀಸು ಕಟ್ಟಿದ ಮನೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ. ಆದರೆ ಸಾರಿಗೆ ಹಾಕುವ ಒಂದು ಹಿಡಿ ಕಾಯಿ ಬೇರೆ, ಪಲ್ಯಕ್ಕೆ ಅರ್ಧ ಹೋಳು, ಚಟ್ನಿಗೆ ಒಂದು ಹೋಳು, ಸಂಜೆ ಕೊಬ್ಬರಿ ಮಿಠಾಯಿ ಬೇರೆ. ಮಾರುವುದಕ್ಕೆ ಬೆಳೆದದ್ದನ್ನು ಮನೆಯಲ್ಲೇ ತಿಂದು ಮುಗಿಸಬೇಕಿಲ್ಲ ಎಂದು ಯಜಮಾನರ ಮಡದಿ ತೀರ್ಮಾನಿಸಿದರು. ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಸರಿಯಾದ ಮಾತು!

ಆಕೆಯ ತವರು ಅಜ್ಜಂಪುರ. ಅಮೃತಮಹಲ್ ರಾಸುಗಳ ಸಂವರ್ಧನಾ ಕೇಂದ್ರ ಇರುವ ಊರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಇದ್ದ ಇಲಾಖೆಯ ಹೆಸರು ‘ಬೆಣ್ಣೆ ಚಾವಡಿ’. ಅದೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಬೆಣ್ಣೆಯ ಹೆಸರಿನಲ್ಲೇ ಇಲಾಖೆ ಇದ್ದ ಸೀಮೆಯಲ್ಲಿ ಬೆಣ್ಣೆ ಬಿಡಿ ಎಂದರೆ ಯಾರು ಕೇಳುತ್ತಾರೆ? ಅಜ್ಜಂಪುರದ ಅತ್ತೆಯವರಂತೂ ಅಳಿಯನ ರೊಟ್ಟಿಯ ಮೇಲೆ ಬೆಣ್ಣೆ ಇಡದೆ ಬಡಿಸಿದವರೇ ಅಲ್ಲ. ‘ನಮ್ಮಪ್ಪ ದಿನಾ ಮುದ್ದೆಗೆ ಇಷ್ಟಿಷ್ಟು ಬೆಣ್ಣೆ ಹಾಕ್ಕೊಂಡು ಉಂಡೇ ಎಂಬತ್ತೈದು ವರ್ಷ ಇದ್ದ. ಅವ್ನಿಗೆ ಯಾವ ಮಾತ್ರೆ ಇತ್ತು?’ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆ ಎಲ್ಲ ಮನೆಗಳಲ್ಲೂ ಇದೆ. ಎಂಬತ್ತೈದು ಬದುಕಿದ ಅಜ್ಜನ ಬಗ್ಗೆ ಮಾತಾಡಲು ಮೊಮ್ಮಕ್ಕಳಿರುತ್ತಾರೆ. ನಲವತ್ತೈದಕ್ಕೆ ಹೋದ ಅವನ ತಮ್ಮನ ಬೆಣ್ಣೆಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಅದೂ ಅಲ್ಲದೆ ಆ ಅಜ್ಜ ಮುಂಜಾನೆಯಿಂದ ಸಂಜೆಯವರೆಗೆ ಎತ್ತುಗಳ ಹಿಂದೆ ನಡೆದವರು. ಅಳಿಯ ತೋಟಕ್ಕೆ ಹೋಗುವುದು ಮೋಟಾರ್ ಬೈಕಿನಲ್ಲಿ.

ಅಡಿಗೆಮನೆಯಲ್ಲಿ ಆದ ಬದಲಾವಣೆ ದೊಡ್ಡದೇನಲ್ಲ. ತಿಂಗಳ ಎಣ್ಣೆಯನ್ನು ಅಳೆದು ಇಟ್ಟುಕೊಂಡರು. ಬಸ್ ನಿಲ್ದಾಣದ ಬಳಿಯ ಬೇಕರಿಯಿಂದ ದಿನವೂ ಬರುತ್ತಿದ್ದ ಪಫ್, ದಿಲ್‌ಪಸಂದ್‌ಗಳು ವಾರಕ್ಕೊಮ್ಮೆಗೆ ಇಳಿದವು. ರಾಗಿಮುದ್ದೆ ಮೊದಲೂ ಇತ್ತು, ಹುರುಳಿ ಮತ್ತು ಅವರೆಕಾಳು ಹೆಚ್ಚಾದವು. ಕಾಳಿನ ನಾರಿನಂಶಕ್ಕೆ ಒಂದು ಚಂದದ ಗುಣವಿದೆ. ಅದು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಪಿತ್ತಜನಕಾಂಗ ರಕ್ತದಿಂದ ಕೊಲೆಸ್ಟರಾಲ್ ಎಳೆದುಕೊಳ್ಳಬೇಕಾಗುತ್ತದೆ. ಬೆಳಿಗ್ಗೆ ತೋಟಕ್ಕೆ ನಡೆದೇ ಹೋಗುವುದೆಂದಾಯಿತು. ಹದಿನೈದು ವರ್ಷದಿಂದ ಬಾಯಲ್ಲಿದ್ದ ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನು ಬಿಡುವುದು ಮಾತ್ರ ಉಳಿದೆಲ್ಲಕ್ಕಿಂತ ಕಷ್ಟವಾಯಿತು. ಎರಡು ಸಲ ಬಿಟ್ಟು, ಎರಡು ಸಲ ಹಿಡಿದು, ಮೂರನೆಯ ಸಲ ಬಿಟ್ಟರು.

ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ಊಟ ನಡಿಗೆಗಳಿಂದ ತೂಕ, ಸಕ್ಕರೆ, ರಕ್ತದೊತ್ತಡ ಎಲ್ಲಕ್ಕೂ ಲಾಭವಿದೆ. ಆದರೆ ಎಲ್‌ಡಿಎಲ್ ಒಂದನ್ನೇ ನೋಡಿದರೆ ಅವುಗಳಿಂದ ಇಳಿಯುವುದು ಸಾಮಾನ್ಯವಾಗಿ ನೂರಕ್ಕೆ ಹತ್ತು ಹದಿನೈದರಷ್ಟು. 172 ಇದ್ದದ್ದು 150 ಆದೀತು. ಅಣ್ಣನನ್ನು ನಲವತ್ತೇಳಕ್ಕೆ ಕಳೆದುಕೊಂಡವರಿಗೆ ಅಷ್ಟು ಸಾಲದು. ಮಾತ್ರೆ ಬೇಕಾದದ್ದು ಅದಕ್ಕೆ.

ಆ ಮಾತ್ರೆಯ ಮೂಲ ಒಂದು ಬೂಷ್ಟು. ಜಪಾನಿನ ರೈತ ಕುಟುಂಬದಲ್ಲಿ ಹುಟ್ಟಿದ ಅಕಿರಾ ಎಂಡೊ ಎಂಬ ವಿಜ್ಞಾನಿ ಆರು ಸಾವಿರಕ್ಕೂ ಹೆಚ್ಚು ಬಗೆಯ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. 1973ರಲ್ಲಿ ಅಕ್ಕಿಯ ಮೇಲೆ ಬೆಳೆದ ಪೆನಿಸಿಲಿಯಂ ಜಾತಿಯ ನೀಲಿ ಹಸಿರು ಬೂಷ್ಟಿನಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಮೈಕೆಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೀನ್ ಇಬ್ಬರೂ ಎಲ್‌ಡಿಎಲ್ ಅನ್ನು ಹಿಡಿದು ಜೀವಕೋಶದೊಳಗೆ ಎಳೆದುಕೊಳ್ಳುವ ಗ್ರಾಹಕಗಳನ್ನು ಪತ್ತೆಮಾಡಿದರು. 1985ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಎಂಡೊ ಅವರಿಗೆ ಅದು ಸಿಗಲೇ ಇಲ್ಲ. 2024ರಲ್ಲಿ ತೊಂಬತ್ತು ವರ್ಷದವರಾಗಿ ತೀರಿಕೊಂಡರು. ಸ್ಟ್ಯಾಟಿನ್ ವರ್ಗದ ಮೊದಲ ಔಷಧ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಅಧ್ಯಯನ ಪ್ರಕಟವಾಗಿ, ಈ ಔಷಧದಿಂದ ಸಾವುಗಳೇ ನೂರಕ್ಕೆ ಮೂವತ್ತರಷ್ಟು ಕಡಿಮೆಯಾದದ್ದು ಗೊತ್ತಾದ ಮೇಲೆ ವೈದ್ಯಲೋಕದ ಅನುಮಾನ ಬಹುಮಟ್ಟಿಗೆ ತೀರಿತು.

ಮಾತ್ರೆ ಮಾಡುವ ಕೆಲಸ ಇಷ್ಟು. ಪಿತ್ತಜನಕಾಂಗದಲ್ಲಿ ಕೊಲೆಸ್ಟರಾಲ್ ತಯಾರಿಸುವ ಸಾಲಿನ ಒಂದು ಮುಖ್ಯ ಕಿಣ್ವವನ್ನು ಅದು ತಡೆಯುತ್ತದೆ. ತಯಾರಿ ಕಡಿಮೆಯಾದಾಗ ಪಿತ್ತಜನಕಾಂಗ ತನ್ನ ಮೇಲ್ಮೈಯಲ್ಲಿ ಹೆಚ್ಚು ಗ್ರಾಹಕಗಳನ್ನು ನಿಲ್ಲಿಸಿ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನೇ ಎಳೆದುಕೊಳ್ಳುತ್ತದೆ. ರಕ್ತ ತಿಳಿಯಾಗುತ್ತದೆ. ಕಿಣ್ವವನ್ನು ತಡೆಯಲು ಮಾತ್ರೆ ಇರುವವರೆಗೆ ಮಾತ್ರ ಇದು ನಡೆಯುತ್ತದೆ.

ಯಜಮಾನರು ಎಡವಿದ್ದು ಇದೇ ಜಾಗದಲ್ಲಿ. ಮೂರು ತಿಂಗಳ ನಂತರದ ವರದಿಯಲ್ಲಿ ಎಲ್‌ಡಿಎಲ್ 91 ಎಂದು ಬಂತು. ಮನೆಯಲ್ಲಿ ಸಂತೋಷ. ‘ನಾರ್ಮಲ್ ಆಯ್ತಲ್ಲ, ಇನ್ಯಾಕೆ?’ ಎಂದು 2024ರ ಆರಂಭದಲ್ಲಿ ಮಾತ್ರೆ ನಿಲ್ಲಿಸಿದರು. ಯಾರಿಗೂ ಹೇಳಲಿಲ್ಲ. ನಿಲ್ಲಿಸಿದ್ದರಿಂದ ಏನೂ ಆಗಲೂ ಇಲ್ಲ. ನೋವಿಲ್ಲ, ಸುಸ್ತಿಲ್ಲ. ಒಂದೂವರೆ ವರ್ಷ ಹೀಗೇ ಕಳೆಯಿತು. 91 ಎಂಬುದು ವಾಸಿಯಾದ ಗುರುತಲ್ಲ, ಮಾತ್ರೆ ಕೆಲಸ ಮಾಡುತ್ತಿರುವ ಗುರುತು ಎಂಬುದನ್ನು ವರದಿಯ ಕಾಗದ ತಾನಾಗಿ ಹೇಳುವುದಿಲ್ಲ. ‘ನಾರ್ಮಲ್’ ಎಂಬ ಆ ಒಂದು ಪದದಿಂದ ಎಷ್ಟು ಮನೆಗಳಲ್ಲಿ ಮಾತ್ರೆ ನಿಂತಿದೆಯೋ!

2025ರ ಮೇ, ಜೂನ್ ತಿಂಗಳುಗಳಲ್ಲಿ ನೆರೆಯ ಹಾಸನ ಜಿಲ್ಲೆಯಿಂದ ಸುದ್ದಿಗಳು ಬರತೊಡಗಿದವು. ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಠಾತ್ ಹೃದಯಾಘಾತದಿಂದ ಸತ್ತರೆಂದು ಪತ್ರಿಕೆಗಳಲ್ಲಿ ದಿನವೂ ಬಂತು. ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ನಸುಕಿನಿಂದಲೇ ಸಾಲು ನಿಂತಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಹೊಸ ರೋಗವೊಂದು ಹುಟ್ಟಿಕೊಂಡಿಲ್ಲ, ಸತ್ತವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ ಇದ್ದವು ಎಂಬುದು ಅದರ ವರದಿಯ ತಿರುಳು. ಹಳೆಯ ಕಾರಣ ಎಂದರೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ಹೊಸದೇನಾದರೂ ಇದ್ದಿದ್ದರೆ ದೂಷಿಸಲು ಸುಲಭವಾಗುತ್ತಿತ್ತು.

ಆ ಗಾಬರಿಯಲ್ಲಿ ಯಜಮಾನರೂ ಹೋಗಿ ರಕ್ತ ಕೊಟ್ಟು ಬಂದರು. ಎಲ್‌ಡಿಎಲ್ 169. ಮಗ ಹಳೆಯ ಎರಡು ವರದಿಗಳನ್ನೂ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. 172, 91, 169. ‘ಅಪ್ಪಾಜಿ, ಮಾತ್ರೆ ಯಾವಾಗ ನಿಲ್ಸಿದ್ರಿ?’ ಎಂದ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ ಕಾರಣ ಒಂದಲ್ಲ, ಎರಡು. ನಾರ್ಮಲ್ ಬಂದದ್ದು ಒಂದು. ಈ ಮಾತ್ರೆಯಿಂದ ಸ್ನಾಯು ಕರಗುತ್ತದೆ, ಲಿವರ್ ಹಾಳಾಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಕಳಿಸಿದ್ದು, ಅದನ್ನು ಓದಿದ ವಾರದಿಂದಲೇ ತೊಡೆ ನೋಯತೊಡಗಿದ್ದು ಇನ್ನೊಂದು.

ತೊಡೆನೋವು ಸುಳ್ಳೆಂದು ಯಾರೂ ಹೇಳಬಾರದು. ಸ್ಟ್ಯಾಟಿನ್‌ನಿಂದ ಕೆಲವರಿಗೆ ಸ್ನಾಯುನೋವು ಬರುವುದುಂಟು. ಬಹಳ ಅಪರೂಪಕ್ಕೆ ಅದು ತೀವ್ರವೂ ಆಗಬಹುದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಸಕ್ಕರೆ ಅಂಶ ತುಸು ಏರಬಹುದು. ಆದರೆ ಇಂಗ್ಲೆಂಡಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ವಿಜ್ಞಾನದ ವಿದ್ಯಾರ್ಥಿಗಳು ತಿಳಿದಿರಬೇಕು. ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ವರ್ಷಕ್ಕೆ ಹನ್ನೆರಡು ಸೀಸೆ ಕೊಟ್ಟರು. ನಾಲ್ಕರಲ್ಲಿ ಔಷಧ, ನಾಲ್ಕರಲ್ಲಿ ನೋಡಲು ಹಾಗೇ ಕಾಣುವ ಸತ್ವವಿಲ್ಲದ ಮಾತ್ರೆ, ನಾಲ್ಕು ಖಾಲಿ. ಔಷಧದ ತಿಂಗಳುಗಳಲ್ಲಿ ಆದ ತೊಂದರೆಯ ನೂರರಲ್ಲಿ ತೊಂಬತ್ತರಷ್ಟು ಸತ್ವವಿಲ್ಲದ ಮಾತ್ರೆಯ ತಿಂಗಳುಗಳಲ್ಲೂ ಆಗಿತ್ತು! ನೋವು ನಿಜವೇ, ಅದನ್ನು ಹುಟ್ಟಿಸಿದ್ದು ಹೆಚ್ಚಾಗಿ ಭಯ. ಫಲಿತಾಂಶ ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಔಷಧ ಶುರುಮಾಡಿದರು. ನೋವು ಬಂದರೆ ವೈದ್ಯರಿಗೆ ಹೇಳಬೇಕು. ಅವರು ಪ್ರಮಾಣ ತಗ್ಗಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು, ರಕ್ತ ಪರೀಕ್ಷಿಸಬಹುದು. ಇನ್ನೊಂದು ಸಣ್ಣ ಮಾತು: ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸ ಕೆಲವು ಸ್ಟ್ಯಾಟಿನ್‌ಗಳ ಅಂಶವನ್ನು ರಕ್ತದಲ್ಲಿ ಅತಿಯಾಗಿ ಏರಿಸುತ್ತದೆ. ನಮ್ಮ ಚಕ್ಕೋತ ಅದರ ಹತ್ತಿರದ ಬಂಧು. ಹಿತ್ತಲಲ್ಲಿ ಚಕ್ಕೋತವಿರುವವರು ವೈದ್ಯರನ್ನು ಕೇಳಿಯೇ ತಿನ್ನುವುದು ಒಳ್ಳೆಯದು.

ವೈದ್ಯರು ಗದರಲಿಲ್ಲ. ಬೇರೆ ಸ್ಟ್ಯಾಟಿನ್ ಬರೆದುಕೊಟ್ಟರು. ಜೊತೆಗೆ, ಮನೆಯ ಮಕ್ಕಳನ್ನೂ ಕರೆತನ್ನಿ ಎಂದರು. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೊದಲ ಕೊಲೆಸ್ಟರಾಲ್ ಪರೀಕ್ಷೆ ಹದಿನೆಂಟನೆಯ ವಯಸ್ಸಿಗೇ ಆಗಬೇಕು. ವಂಶದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತವಿದ್ದರೆ ಇನ್ನೂ ಮೊದಲು. ಪಿಯುಸಿ ಮುಗಿಸಿದ ಮಗನಿಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಅವನದು 128 ಬಂತು. ಮಾತ್ರೆ ಬೇಡ, ಬೇಕರಿ ಬಿಡು, ಆಟ ಆಡು, ವರ್ಷ ಬಿಟ್ಟು ಬಾ ಎಂದು ಕಳಿಸಿದರು.

ತರೀಕೆರೆಯ ಅತ್ತಿಗೆಗೆ ಫೋನು ಹೋಯಿತು. ತೀರಿಹೋದ ಅಣ್ಣನ ಮಗಳಿಗೆ ಈಗ ಇಪ್ಪತ್ನಾಲ್ಕು. ಸಣ್ಣ ಮೈಕಟ್ಟಿನ ಹುಡುಗಿ, ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ‘ಇಷ್ಟು ತೆಳ್ಳಗಿರೋಳಿಗೆ ಯಾವ ಕೊಬ್ಬು?’ ಎಂದು ತಾಯಿ ನಕ್ಕರು. ಹುಡುಗಿಯ ಎಲ್‌ಡಿಎಲ್ 214 ಬಂತು.

ಕೆಲವು ಕುಟುಂಬಗಳಲ್ಲಿ ಎಲ್‌ಡಿಎಲ್ ಗ್ರಾಹಕಗಳನ್ನು ಮಾಡುವ ಜೀನ್‌ನಲ್ಲೇ ದೋಷವಿರುತ್ತದೆ. ಬ್ರೌನ್, ಗೋಲ್ಡ್‌ಸ್ಟೀನ್ ತಮ್ಮ ಶೋಧ ನಡೆಸಿದ್ದು ಅಂಥ ಕುಟುಂಬಗಳ ಮಕ್ಕಳ ಜೀವಕೋಶಗಳಿಂದಲೇ. ಇದೇನೂ ಅಪರೂಪದ ಸಂಗತಿಯಲ್ಲ, ಇನ್ನೂರೈವತ್ತು ಮುನ್ನೂರು ಜನರಲ್ಲಿ ಒಬ್ಬರಿಗೆ ಇರುವಂಥದು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಅನುವಂಶೀಯತೆಯ ಪಾಠದಲ್ಲಿ ಮೆಂಡಲನ ಬಟಾಣಿಗಳ ಜೊತೆ ಮಕ್ಕಳು ಓದುವ ಲೆಕ್ಕವೇ ಇದು. ದಪ್ಪ, ತೆಳ್ಳಗೆ ಎಂಬುದು ಇಲ್ಲಿ ನಡೆಯುವುದಿಲ್ಲ. ಶಿವಮೊಗ್ಗದ ಹೃದ್ರೋಗ ತಜ್ಞರು ಹುಡುಗಿಯ ಹಿಮ್ಮಡಿಯ ನರ ಮುಟ್ಟಿ ನೋಡಿದರು, ರೆಪ್ಪೆ ನೋಡಿದರು, ತಂದೆಯ ವಯಸ್ಸು ಕೇಳಿದರು. ‘ಅವರಿಗೂ ಇದೇ ಇದ್ದಿರಬಹುದು’ ಎಂದರು. ಹದಿನಾಲ್ಕು ವರ್ಷಗಳ ಹಿಂದೆ ಕೇಳದೇ ಬಿಟ್ಟ ಪ್ರಶ್ನೆಗೆ ಆ ದಿನ ಅರ್ಧ ಉತ್ತರ ಸಿಕ್ಕಿತು. ತಾಯಿ ಅಲ್ಲೇ ಅತ್ತರು.

ಆಮೇಲಿನ ಕಷ್ಟ ವೈದ್ಯಕೀಯದ್ದಲ್ಲ. ಹುಡುಗಿಗೆ ಸಂಬಂಧ ನೋಡುತ್ತಿದ್ದ ಸಮಯ. ಮದುವೆಗೆ ಮೊದಲೇ ದಿನವೂ ಮಾತ್ರೆ ನುಂಗುತ್ತಾಳೆಂದರೆ ಗಂಡಿನ ಕಡೆಯವರು ಏನೆಂದುಕೊಂಡಾರು? ಮದುವೆಯಾಗುವವರೆಗೆ ನಿಲ್ಲಿಸಿ ಆಮೇಲೆ ನೋಡೋಣ ಎಂದು ನೆಂಟರು ಸಲಹೆ ಕೊಟ್ಟರು. ಗರ್ಭಿಣಿಯಾದಾಗ ಸಾಮಾನ್ಯವಾಗಿ ಸ್ಟ್ಯಾಟಿನ್ ಕೊಡುವುದಿಲ್ಲ ಎಂಬುದೂ ಕಿವಿಗೆ ಬಿತ್ತು. ಅದು ನಿಜ. ಮಗು ಬೇಕೆಂದುಕೊಂಡಾಗ ಮೊದಲೇ ತಿಳಿಸಿ, ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂದು ಹೇಳುತ್ತೇನೆ ಎಂದು ತಜ್ಞರೇ ವಿವರಿಸಿದ್ದರು. ಮುಚ್ಚಿಟ್ಟರೆ ಅದನ್ನು ಯಾರಿಗೆ ತಿಳಿಸುವುದು?

ಹುಡುಗಿ ತಾನೇ ತೀರ್ಮಾನಿಸಿದಳು. ‘ಕನ್ನಡಕ ಹಾಕ್ಕೊಂಡವ್ರನ್ನ ಮದ್ವೆ ಆಗಲ್ವಾ ಅಮ್ಮ? ಕೇಳಿದ್ರೆ ಹೇಳ್ತೀನಿ, ಕೇಳ್ದೇ ಇದ್ರೂ ಹೇಳ್ತೀನಿ’ ಎಂದಳು. ಬಂದವರಲ್ಲಿ ಒಂದು ಕಡೆಯವರು ಆಮೇಲೆ ಫೋನು ಮಾಡಲಿಲ್ಲ. ಇನ್ನೊಂದು ಕಡೆಯವರು ಔಷಧದ ಹೆಸರು ಬರೆದುಕೊಂಡು ಹೋಗಿ, ಪರಿಚಯದ ವೈದ್ಯರೊಬ್ಬರನ್ನು ವಿಚಾರಿಸಿ, ಎಂಟು ದಿನಕ್ಕೆ ಮರಳಿ ಬಂದರು. ಮಾತುಕತೆ ನಡೆಯುತ್ತಿದೆ. ಮೂರು ತಿಂಗಳ ಔಷಧದ ನಂತರ ಆಕೆಯ ಎಲ್‌ಡಿಎಲ್ 118ಕ್ಕೆ ಇಳಿದಿದೆ. ಇನ್ನೂ ಇಳಿಯಬೇಕೆಂದು ತಜ್ಞರು ಎಜೆಟಿಮೈಬ್ ಎಂಬ ಎರಡನೆಯ ಮಾತ್ರೆ ಸೇರಿಸಿದ್ದಾರೆ. ಕಡೂರಿನ ಚಿಕ್ಕಪ್ಪನೂ ಆಕೆಯೂ ರಾತ್ರಿ ಊಟವಾದ ಮೇಲೆ ಒಬ್ಬರಿಗೊಬ್ಬರು ಫೋನಿನಲ್ಲಿ ‘ಆಯ್ತಾ?’ ಎಂದು ಕೇಳಿಕೊಳ್ಳುತ್ತಾರೆ. ಇಬ್ಬರ ಮುಂದಿನ ರಕ್ತ ಪರೀಕ್ಷೆಯೂ ಯುಗಾದಿ ಕಳೆದ ವಾರಕ್ಕೆ.